ಮನೆ ಕಂಪ್ಯೂಟರಿಗೆ ಬೀಗ: ಹಾಕೋದು ಹೇಗೆ, ಬೀಗದಕೈ ಯಾರ ಹತ್ರ ಇರಬೇಕು

(ಸಂಘದ ವಾರ್ಷಿಕೋತ್ಸವದ ದಿನ ಮಾಡಿದ ಭಾಷಣ)



ಈ ವೇದಿಕೆ ಮೇಲೆ ಭೂಮಿ, ಮೀಸಲಾತಿ, ಉದ್ಯೋಗ ಅಂತ ದೊಡ್ಡ ವಿಷಯಗಳ ಮೇಲೆ ಮಾತಾಡುವವರು ಇದ್ದಾರೆ. ನನಗೆ ಕೊಟ್ಟಿರೋದು ಚಿಕ್ಕ ವಿಷಯ. ಮನೆಮಂದಿಯೆಲ್ಲ ಬಳಸುವ ಒಂದೇ ಕಂಪ್ಯೂಟರಿಗೆ ಬೇಡದ ಸಾಫ್ಟ್‌ವೇರ್ ಬಂದು ಸೇರ್ಕೊಳ್ಳದ ಹಾಗೆ ನೋಡ್ಕೊಳ್ಳೋದು ಹೇಗೆ ಅಂತ. ನಾನು ಓದ್ತಿರೋದು ಬಿ.ಎ. ಇಂಜಿನಿಯರ್ ಅಲ್ಲ. ಇದನ್ನ ಮಾಡೋಕೆ ಇಂಜಿನಿಯರ್ ಬೇಕಾಗಿಲ್ಲ, ಅರ್ಧ ಗಂಟೆ ಟೈಮು ಮತ್ತೆ ಮನೆಯವರೆಲ್ಲ ಕೂತು ಒಂದು ಮಾತು ಆಡೋದು ಸಾಕು.

ಮೊದಲು ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಅಂದ್ರೆ ಏನು ಅಂತ ನೋಡೋಣ. ಅಗಳಿ ಸುತ್ತಮುತ್ತ ನಮ್ಮ ಕಾಲೋನಿಗಳಲ್ಲಿ ಇರೋ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ಸೆಕೆಂಡ್ ಹ್ಯಾಂಡು. ಬೆಂಗಳೂರಲ್ಲಿ ಕೆಲಸ ಮಾಡೋ ಅಣ್ಣ ತಂದಿದ್ದು, ಇಲ್ಲಾಂದ್ರೆ ಹಿಂದೂಪುರದಲ್ಲೋ ಶಿರಾದಲ್ಲೋ ಕೊಂಡಿದ್ದು. ಒಂದು ಮನೆಗೆ ಒಂದು. ಕೆಲವು ಕಡೆ ಅಣ್ಣ ತಮ್ಮಂದಿರ ಮೂರು ಮನೆಗೆ ಒಂದು. ಅದರೊಳಗೆ ಏನಿರುತ್ತೆ? ಎಲ್ಲರ ಆಧಾರ್, ಜಾತಿ ಪತ್ರ, ಆದಾಯ ಪತ್ರ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ, ಸ್ಕಾಲರ್‌ಶಿಪ್ಪಿಗೆ ಜ್ಞಾನಭೂಮಿಯಲ್ಲಿ ಹಾಕಿದ ಅರ್ಜಿ. 2022ರ ಏಪ್ರಿಲ್‌ನಲ್ಲಿ ನಮ್ಮ ಮಂಡಲ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯ್ತು. ಹಂಗಾಗಿ ಹಳೇ ಜಿಲ್ಲೆ ಹೆಸರಿನ ಪತ್ರ ಒಂದು, ಹೊಸ ಜಿಲ್ಲೆ ಹೆಸರಿನ ಪತ್ರ ಒಂದು, ಎರಡೂ ಇಟ್ಕೊಂಡಿರೋರು ಇದ್ದೀವಿ. ಹಿಂದೆ ನಮ್ಮ ಅಜ್ಜಿ ಟ್ರಂಕಿನಲ್ಲಿ ಇಟ್ಟು ಬೀಗ ಹಾಕ್ತಿದ್ದ ಕಾಗದಗಳು ಈಗ ಈ ಡಬ್ಬದೊಳಗೆ ಇವೆ. ಟ್ರಂಕಿಗೆ ಬೀಗ ಇತ್ತು. ಇದಕ್ಕೆ ಇಲ್ಲ.

ಒಂದು ಮನೆ ವಿಷಯ ಹೇಳ್ತೀನಿ, ಹೆಸರು ಬೇಡ. ಹತ್ತನೇ ಕ್ಲಾಸಿನ ಹುಡುಗ ಕಾರ್ ಗೇಮ್ ಹುಡುಕಿ ಯಾವುದೋ ಸೈಟಿಂದ ಇಳಿಸಿಕೊಂಡ. ಗೇಮ್ ಬಂತು, ಜೊತೆಗೆ ಕರೀದೇ ಇರೋ ಮೂರು ನೆಂಟರೂ ಬಂದ್ರು. ಬ್ರೌಸರ್ ತೆಗೆದ್ರೆ ಬೇರೇನೋ ಪೇಜು, ಮೂಲೆಯಲ್ಲಿ ಕೆಟ್ಟ ಚಿತ್ರದ ಜಾಹೀರಾತು, ಕಂಪ್ಯೂಟರ್ ಎಮ್ಮೆ ಥರ ನಿಧಾನ. ಅದೇ ವಾರ ಅವನ ಅಕ್ಕನ ಪರೀಕ್ಷೆಯ ಹಾಲ್ ಟಿಕೆಟ್ ತೆಗೀಬೇಕಿತ್ತು, ಆಗಲಿಲ್ಲ. ಪೇಟೆ ಅಂಗಡಿಗೆ ಒಯ್ದರು. ಅವರು ಫಾರ್ಮ್ಯಾಟ್ ಮಾಡಿಕೊಟ್ಟರು. ಬೇಡದ್ದರ ಜೊತೆ ಬೇಕಾದ್ದೂ ಹೋಯ್ತು. ಹುಡುಗನಿಗೆ ಎರಡು ಏಟು ಬಿತ್ತು, ಅದು ಆರಿಹೋಗುತ್ತೆ. ಆದರೆ ಮನೆಯಲ್ಲಿ ಕೊನೆಗೆ ಆದ ತೀರ್ಮಾನ ಕೇಳಿ: "ಇನ್ಮೇಲೆ ಈ ಕಂಪ್ಯೂಟರ್ ಸವಾಸವೇ ಬ್ಯಾಡ, ನೀನೂ ಮುಟ್ಟಬ್ಯಾಡ" ಅಂತ ಆ ಅಕ್ಕನಿಗೂ ಹೇಳಿದರು. ಎಡವಟ್ಟು ಆದಾಗ ಮೊದಲು ಕೈ ಬಿಡಿಸಿಕೊಳ್ಳೋದು ಹೆಣ್ಣುಮಕ್ಕಳ ಕೈ. ನಾನು ಈ ವಿಷಯ ತಗೊಂಡಿದ್ದು ಅದಕ್ಕೇ.

ಈ ಕರೀದ ನೆಂಟರು ಯಾವ ಬಾಗಿಲಿಂದ ಬರ್ತಾರೆ? ಮುಖ್ಯವಾಗಿ ನಾಲ್ಕು ಬಾಗಿಲು.

ಒಂದು, ಡೌನ್‌ಲೋಡ್ ಪೇಜು. ಒಂದೇ ಪೇಜಿನಲ್ಲಿ ನಾಲ್ಕು ಹಸಿರು ಬಟನ್ ಇರುತ್ತೆ, ಎಲ್ಲದರ ಮೇಲೂ "ಡೌನ್‌ಲೋಡ್" ಅಂತಲೇ ಇರುತ್ತೆ. ಅದರಲ್ಲಿ ಮೂರು ಜಾಹೀರಾತು. ನಿಜವಾದ್ದು ಚಿಕ್ಕ ಅಕ್ಷರದಲ್ಲಿ ಕೆಳಗೆಲ್ಲೋ ಇರುತ್ತೆ.

ಎರಡು, "ನೆಕ್ಸ್ಟ್, ನೆಕ್ಸ್ಟ್, ಫಿನಿಶ್". ನಾವು ಓದಲ್ಲ, ಒತ್ತುತ್ತಾ ಹೋಗ್ತೀವಿ. ಮಧ್ಯೆ ಒಂದು ಕಡೆ "ಇದನ್ನೂ ಹಾಕಿಕೊಡ್ತೀವಿ" ಅಂತ ಬರೆದು ಅವರೇ ಟಿಕ್ ಹಾಕಿಟ್ಟಿರ್ತಾರೆ. ಬೇಡ ಅಂದ್ರೆ ಟಿಕ್ ತೆಗೆಯೋ ಕೆಲಸ ನಮ್ಮದು.

ಮೂರು, ಕ್ರ್ಯಾಕ್. ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರನ್ನ ಬಿಟ್ಟಿ ಓಡಿಸೋ ದಾರಿ. ಆ ಕ್ರ್ಯಾಕ್ ಹಾಕುವಾಗ ಮೊದಲ ಸಾಲಿನಲ್ಲೇ "ಆಂಟಿವೈರಸ್ ಆಫ್ ಮಾಡಿ" ಅಂತ ಹೇಳ್ತಾರೆ. ನಾಯಿ ಕಟ್ಟಿಹಾಕಿ ಬಾಗಿಲು ತೆಗೀರಿ ಅಂತ ಕಳ್ಳನೇ ಹೇಳಿದ ಹಾಗೆ. ಬ್ರೌಸರಿನಲ್ಲಿ ನಾವು ಸೇವ್ ಮಾಡಿಟ್ಟ ಪಾಸ್‌ವರ್ಡ್‌ಗಳನ್ನ ಕದ್ದು ಕಳಿಸೋ ಸಾಫ್ಟ್‌ವೇರ್ ಹೆಚ್ಚಾಗಿ ಬರೋದು ಈ ಬಾಗಿಲಿಂದ.

ನಾಲ್ಕು, ಫೋನ್ ಕರೆ. "ಬ್ಯಾಂಕಿಂದ ಮಾತಾಡ್ತಿದ್ದೀವಿ, ಈ ಆಪ್ ಹಾಕ್ಕೊಳ್ಳಿ, ಅದರಲ್ಲಿ ಬರೋ ನಂಬರ್ ಹೇಳಿ" ಅಂತಾರೆ. ಆ ಆಪ್ ಕೆಟ್ಟದ್ದೇನಲ್ಲ. ದೂರದಿಂದ ಕಂಪ್ಯೂಟರ್, ಫೋನ್ ರಿಪೇರಿ ಮಾಡೋಕೆ ಅಂತ ಇರೋದು. ಆದರೆ ನಂಬರ್ ಕೊಟ್ಟ ಮೇಲೆ ನಮ್ಮ ಪರದೆ ಅವರ ಕೈಗೆ ಹೋಗುತ್ತೆ. ಎನಿಡೆಸ್ಕ್ ಅನ್ನೋ ಆಪನ್ನ ಹೀಗೆ ಬಳಸಿ ದುಡ್ಡು ಎಗರಿಸ್ತಿದ್ದಾರೆ ಅಂತ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಕೆ ಕೊಟ್ಟಿತ್ತು.

ಇದೆಲ್ಲ ಪುಂಡ ಹುಡುಗರ, ಕಳ್ಳರ ಕೆಲಸ ಅಂತ ಮಾತ್ರ ಅನ್ಕೋಬೇಡಿ. 2005ರಲ್ಲಿ ಸೋನಿ ಬಿಎಂಜಿ ಅನ್ನೋ ದೊಡ್ಡ ಕಂಪನಿ ಮಾರಿದ ಹಾಡಿನ ಸಿಡಿಗಳನ್ನ ಕಂಪ್ಯೂಟರಿಗೆ ಹಾಕಿದರೆ, ಕಾಪಿ ಮಾಡದ ಹಾಗೆ ತಡೆಯೋ ಸಾಫ್ಟ್‌ವೇರ್ ಒಳಗೆ ಕೂತ್ಕೊಂಡು ತನ್ನನ್ನ ತಾನೇ ಬಚ್ಚಿಟ್ಕೊಳ್ತಿತ್ತು. ಜನ ಕಾಸು ಕೊಟ್ಟು ಕೊಂಡಿದ್ದು ಹಾಡು. ಗಲಾಟೆ ಆಗಿ, ಕೋರ್ಟಿಗೆ ಹೋಗಿ, ಕಂಪನಿ ಆ ಸಿಡಿಗಳನ್ನ ವಾಪಸ್ ತಗೊಳ್ಳಬೇಕಾಯ್ತು. ಅಂದ್ರೆ ಪ್ರಶ್ನೆ ಇರೋದು ಇಷ್ಟೇ: ನಮ್ಮ ಮನೆ ಪೆಟ್ಟಿಗೆಯೊಳಗೆ ಏನು ಇರಬೇಕು ಅಂತ ಹೇಳೋರು ಯಾರು, ನಾವಾ, ಬೇರೆಯವರಾ?

ಈಗ ಬೀಗದ ವಿಷಯ. ವಿಂಡೋಸ್ ಕಂಪ್ಯೂಟರಿನಲ್ಲಿ ಅಕೌಂಟ್ ಎರಡು ಥರ. ಒಂದು ಅಡ್ಮಿನಿಸ್ಟ್ರೇಟರ್, ಇನ್ನೊಂದು ಸ್ಟ್ಯಾಂಡರ್ಡ್. ಅಡ್ಮಿನ್‌ಗೆ ಎಲ್ಲ ಮಾಡೋ ಅಧಿಕಾರ ಇದೆ. ಸ್ಟ್ಯಾಂಡರ್ಡ್ ಅಕೌಂಟಿನವರು ಓದಬಹುದು, ಬರೀಬಹುದು, ಅರ್ಜಿ ಹಾಕಬಹುದು, ಸಿನಿಮಾ ನೋಡಬಹುದು, ಆದರೆ ಇಡೀ ಕಂಪ್ಯೂಟರಿಗೆ ಸೇರೋ ಸಾಫ್ಟ್‌ವೇರ್ ಹಾಕೋಕೆ ಹೋದ್ರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ. ನಾವು ಒತ್ತಿದ ಯಾವುದೇ ಪ್ರೋಗ್ರಾಂಗೆ ನಮಗಿರೋ ಅಧಿಕಾರವೇ ಸಿಗೋದು. ನಾವು ಅಡ್ಮಿನ್ ಆಗಿ ಕೂತು "ಯೆಸ್" ಒತ್ತಿದ್ರೆ ಅದೂ ಅಡ್ಮಿನ್ ಆಗುತ್ತೆ. ನಮ್ಮ ಮನೆಗಳ ತೊಂದರೆ ಏನಂದ್ರೆ ಅಲ್ಲಿ ಇರೋದೇ ಒಂದು ಅಕೌಂಟು, ಅದೂ ಅಡ್ಮಿನ್, ಅದಕ್ಕೆ ಪಾಸ್‌ವರ್ಡ್ ಕೂಡ ಇರಲ್ಲ. ಸೆಕೆಂಡ್ ಹ್ಯಾಂಡ್ ತಂದಿದ್ರೆ ಹಳೇ ಯಜಮಾನನ ಹೆಸರೇ ಇನ್ನೂ ಅಲ್ಲಿ ಇರುತ್ತೆ.

ಮಾಡಬೇಕಾದ್ದು ಹೀಗೆ. ಬರ್ಕೊಳ್ಳೋರು ಬರ್ಕೊಳ್ಳಿ.

ಮೊದಲು ಎಲ್ಲ ಪತ್ರಗಳನ್ನ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿ ಪಕ್ಕಕ್ಕಿಡಿ. ಆಮೇಲೆ ಸೆಟ್ಟಿಂಗ್ಸ್ ತೆಗೆದು ಅಕೌಂಟ್ಸ್‌ಗೆ ಹೋಗಿ. ವಿಂಡೋಸ್ 11ರಲ್ಲಿ "ಅದರ್ ಯೂಸರ್ಸ್" ಅಂತ ಇರುತ್ತೆ, 10ರಲ್ಲಿ "ಫ್ಯಾಮಿಲಿ ಅಂಡ್ ಅದರ್ ಯೂಸರ್ಸ್". ಅಲ್ಲಿ ಹೊಸ ಅಕೌಂಟ್ ಸೇರಿಸೋದನ್ನ ಒತ್ತಿ. ಇಮೇಲ್ ಕೇಳುತ್ತೆ. ಅವರ ಸೈನ್-ಇನ್ ವಿವರ ನನ್ನ ಹತ್ರ ಇಲ್ಲ ಅನ್ನೋ ಸಾಲು ಒತ್ತಿ, ಮುಂದೆ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಸೇರಿಸಿ ಅನ್ನೋದನ್ನ ಒತ್ತಿ. ಒಂದು ಹೆಸರು, ಒಂದು ಗಟ್ಟಿ ಪಾಸ್‌ವರ್ಡ್, ಮೂರು ಗುಟ್ಟಿನ ಪ್ರಶ್ನೆ. ಫೋನ್ ನಂಬರ್, ಮಗುವಿನ ಹೆಸರು ಪಾಸ್‌ವರ್ಡ್ ಆಗಬಾರದು. ಆಮೇಲೆ ಆ ಹೊಸ ಅಕೌಂಟಿನ ಮೇಲೆ ಒತ್ತಿ "ಚೇಂಜ್ ಅಕೌಂಟ್ ಟೈಪ್" ಅನ್ನೋದ್ರಲ್ಲಿ ಅಡ್ಮಿನಿಸ್ಟ್ರೇಟರ್ ಮಾಡಿ. ಈಗ ಹಳೇದರಿಂದ ಹೊರಗೆ ಬಂದು, ಹೊಸ ಅಡ್ಮಿನ್‌ನಲ್ಲಿ ಒಳಗೆ ಹೋಗಿ, ಹಳೇ ಅಕೌಂಟನ್ನ ಅದೇ ದಾರಿಯಲ್ಲಿ ಸ್ಟ್ಯಾಂಡರ್ಡ್‌ಗೆ ಇಳಿಸಿ. ಕೊನೆಗೆ ಮನೆಯಲ್ಲಿ ಎಷ್ಟು ಜನ ಬಳಸ್ತಾರೋ ಅಷ್ಟು ಸ್ಟ್ಯಾಂಡರ್ಡ್ ಅಕೌಂಟ್ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್. ಅಡ್ಮಿನ್ ಪಾಸ್‌ವರ್ಡನ್ನ ಕಾಗದದಲ್ಲಿ ಬರೆದು ರೇಷನ್ ಕಾರ್ಡ್ ಇಡೋ ಜಾಗದಲ್ಲಿ ಇಡಿ. ಮರೆತರೆ ಬೀಗ ನಮಗೇ ಬೀಳುತ್ತೆ.

ಬೇರೆ ಬೇರೆ ಅಕೌಂಟಿನಿಂದ ಇನ್ನೊಂದು ಲಾಭ ಇದೆ. ತಮ್ಮನ ಸ್ಟ್ಯಾಂಡರ್ಡ್ ಅಕೌಂಟಿನಲ್ಲಿ ಏನೋ ಕೆಟ್ಟದ್ದು ಓಡಿದ್ರೂ ಅದು ಅಕ್ಕನ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಸುಲಭಕ್ಕೆ ಕೈ ಹಾಕೋಕೆ ಆಗಲ್ಲ. ಆದರೆ ನಮ್ಮಲ್ಲಿ ಎಲ್ಲರಿಗೂ ಒಂದು ಅಭ್ಯಾಸ, ಬೇಕಾದ್ದೆಲ್ಲ ಡಿ ಡ್ರೈವಿನಲ್ಲಿ ಹಾಕೋದು. ಡಿ ಡ್ರೈವ್ ಸಾಮಾನ್ಯವಾಗಿ ಎಲ್ಲ ಅಕೌಂಟಿನವರಿಗೂ ತೆರೆದ ಜಗಲಿ. ನಿಮ್ಮ ಪತ್ರಗಳು ನಿಮ್ಮ ಅಕೌಂಟಿನ ಡಾಕ್ಯುಮೆಂಟ್ಸ್ ಒಳಗೇ ಇರಲಿ.

ಇದೊಂದೇ ಬೀಗ ಸಾಕಾ? ಸಾಲದು. ಕೆಲವು ಸಾಫ್ಟ್‌ವೇರ್ ಇಡೀ ಕಂಪ್ಯೂಟರಿಗೆ ಸೇರಲ್ಲ, ಒಬ್ಬರ ಅಕೌಂಟಿನ ಒಳಗೆ ಮಾತ್ರ ಕೂತ್ಕೊಳ್ಳುತ್ತೆ. ಅದು ಪಾಸ್‌ವರ್ಡ್ ಕೇಳಲ್ಲ. ಅದಕ್ಕೆ ಎರಡನೇ ಬೀಗ: ಸೆಟ್ಟಿಂಗ್ಸ್‌ನ ಆಪ್ಸ್ ಭಾಗದಲ್ಲಿ ಆಪ್‌ಗಳನ್ನ ಎಲ್ಲಿಂದ ತಗೋಬೇಕು ಅಂತ ಕೇಳೋ ಜಾಗ ಇದೆ. ಅಲ್ಲಿ "ಮೈಕ್ರೋಸಾಫ್ಟ್ ಸ್ಟೋರ್ ಓನ್ಲಿ" ಇಟ್ಟರೆ ಕಂಡ ಕಂಡ ಸೈಟಿನಿಂದ ಇಳಿಸಿದ್ದನ್ನ ಹಾಕೋಕೆ ಹೋದಾಗ ತಡೀತದೆ. ಮೂರನೇದು, ವಿಂಡೋಸ್ ಸೆಕ್ಯುರಿಟಿಯಲ್ಲಿ "ಆಪ್ ಅಂಡ್ ಬ್ರೌಸರ್ ಕಂಟ್ರೋಲ್" ಒಳಗೆ ಹೋಗಿ, "ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್" ಸೆಟ್ಟಿಂಗ್ಸ್‌ನಲ್ಲಿ ಬೇಡದ ಆಪ್ ತಡೆಯೋ ಸ್ವಿಚ್ ಆನ್ ಇದೆಯಾ ನೋಡಿ. ವೈರಸ್ ಅಲ್ಲದಿದ್ರೂ ಜಾಹೀರಾತು ಹೊತ್ಕೊಂಡು ಬರೋ ಸಾಫ್ಟ್‌ವೇರ್‌ಗೆ ಅಂತಲೇ ಅದು ಇರೋದು.

"ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ" ಅಂತ ಮೂಲೆಯಲ್ಲಿ ಪದೇ ಪದೇ ಬರೋದು ಬಹಳ ಸಲ ಸಾಫ್ಟ್‌ವೇರೇ ಅಲ್ಲ. ಯಾವುದೋ ಸೈಟಿನಲ್ಲಿ "ಅಲೋ" ಒತ್ತಿರ್ತೀವಿ, ಆ ಸೈಟು ಕಳಿಸೋ ನೋಟಿಫಿಕೇಶನ್ ಅದು. ಬ್ರೌಸರಿನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಭಾಗಕ್ಕೆ ಹೋಗಿ ಆ ಸೈಟನ್ನ ತೆಗೆದುಹಾಕಿದ್ರೆ ನಿಂತುಹೋಗುತ್ತೆ. ಇದಕ್ಕೆ ಫಾರ್ಮ್ಯಾಟ್ ಬೇಡ, ಅಂಗಡಿಗೆ ದುಡ್ಡೂ ಬೇಡ.

ಬೀಗ ಹಾಕಿದ ಮೇಲೆ ಅಪ್‌ಡೇಟನ್ನೂ ನಿಲ್ಲಿಸಿಬಿಡೋರು ಇದ್ದಾರೆ, ಡೇಟಾ ಖರ್ಚಾಗುತ್ತೆ ಅಂತ. ಅದು ತಪ್ಪು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನೋದು ಪ್ರಪಂಚದ ತುಂಬ ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳ್ತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನ ವಾಪಸ್ ಕಳಿಸಬೇಕಾಯ್ತು, ನಮ್ಮ ಆಂಧ್ರದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳಿಗೂ ತಗುಲಿತು. ಅದನ್ನ ತಡೆಯೋ ಅಪ್‌ಡೇಟನ್ನ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲೇ ಬಿಟ್ಟಿತ್ತು. ಹಾಕಿಕೊಂಡಿದ್ದವರು ಉಳಿದರು. ಬೇಡದ್ದಕ್ಕೆ ಬೀಗ, ಬೇಕಾದ್ದಕ್ಕೆ ದಾರಿ, ಎರಡೂ ಇರಬೇಕು.

ಇಲ್ಲಿಗೆ ಹೇಗೆ ಅನ್ನೋದು ಮುಗೀತು. ಇನ್ನು ಬೀಗದಕೈ ಯಾರ ಹತ್ರ ಅನ್ನೋದು. ನನ್ನ ಮಾತಿನ ಮುಖ್ಯ ಭಾಗ ಇದೇ.

ಬೀಗ ಅಂದ್ರೆ ನಮ್ಮ ಜನಕ್ಕೆ ಒಳ್ಳೆ ನೆನಪಿಲ್ಲ. ಕೆರೆ, ಬಾವಿ, ಗುಡಿ, ಎಲ್ಲದಕ್ಕೂ ನಮ್ಮನ್ನ ಹೊರಗಿಡೋಕೆ ಬೀಗ ಇತ್ತು, ಕಣ್ಣಿಗೆ ಕಾಣದಿದ್ದರೂ ಇತ್ತು. ಮಹಾಡಿನ ಚವದಾರ್ ಕೆರೆ ಎಲ್ಲರಿಗೂ ಅಂತ ಅಲ್ಲಿನ ಪುರಸಭೆ 1924ರಲ್ಲೇ ತೀರ್ಮಾನ ಮಾಡಿತ್ತು. ಕಾಗದದ ಮೇಲೆ ಎಲ್ಲರ ಕೆರೆ, ನೀರು ಮಾತ್ರ ನಮಗಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಆ ನೀರು ಕುಡಿದ ಮೇಲೆ ಅದು ದೇಶಕ್ಕೆ ಗೊತ್ತಾಯ್ತು. ಕಾಗದದ ಮೇಲೆ ಎಲ್ಲರದ್ದು, ನಿಜದಲ್ಲಿ ಒಬ್ಬರದ್ದು ಅನ್ನೋ ಈ ಮಾತನ್ನ ನಮ್ಮ ಮನೆ ಕಂಪ್ಯೂಟರಿಗೆ ಹಚ್ಚಿ ನೋಡಿ. "ಮನೆಯವರ ಕಂಪ್ಯೂಟರ್" ಅಂತೀವಿ. ಕೂರೋದು ಯಾರು? ಪಾಸ್‌ವರ್ಡ್ ಗೊತ್ತಿರೋದು ಯಾರಿಗೆ? ಹೆಚ್ಚಿನ ಮನೆಗಳಲ್ಲಿ ದೊಡ್ಡ ಮಗನಿಗೆ. ತಂಗಿ ಅರ್ಜಿ ಹಾಕಬೇಕಂದ್ರೆ ಅವನು ಬರೋವರೆಗೂ ಕಾಯಬೇಕು. ನಾನು ಹೇಳಿಕೊಟ್ಟ ಬೀಗವನ್ನ ಹೀಗೆ ಬಳಸೋದಾದ್ರೆ, ದಯವಿಟ್ಟು ಹಾಕಲೇಬೇಡಿ.

ಬೀಗ ಇರೋದು ಇನ್‌ಸ್ಟಾಲ್ ಮಾಡೋದಕ್ಕೆ. ಕೂತು ಬಳಸೋದಕ್ಕೆ ಅಲ್ಲ. ಇದೊಂದು ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸರಿಹೋಗುತ್ತೆ. ಅದಕ್ಕೆ ಮನೆಮನೆಗೂ ನಾಲ್ಕು ನಿಯಮ ಹೇಳ್ತೀನಿ.

ಮೊದಲನೇದು, ಅಡ್ಮಿನ್ ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಬೇಕು, ಅದರಲ್ಲಿ ಒಬ್ಬರು ಹೆಂಗಸು ಆಗಿರಬೇಕು. ಅಮ್ಮನಿಗೆ ಓದು ಬರದಿದ್ರೂ ಪರವಾಗಿಲ್ಲ, ಕಾಗದ ಅಮ್ಮನ ಹತ್ರ ಇರಲಿ. ಕೇಳೋರು ಅಮ್ಮನ ಎದುರು ಬಂದು ಏನು ಹಾಕ್ತೀನಿ, ಯಾಕೆ ಹಾಕ್ತೀನಿ ಅಂತ ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳುವಾಗಲೇ ಅರ್ಧ ಬೇಡದ್ದು ಉದುರಿಹೋಗುತ್ತೆ.

ಎರಡನೇದು, ಅಡ್ಮಿನ್ ಆಗಿರೋರೂ ದಿನಾ ಕೂರೋದು ತಮ್ಮ ಸ್ಟ್ಯಾಂಡರ್ಡ್ ಅಕೌಂಟಿನಲ್ಲೇ. ನಿಯಮ ಮಾಡಿದವರಿಗೂ ನಿಯಮ ಒಂದೇ. ಸಂವಿಧಾನ ಓದಿದ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೇದು, ಅಡ್ಮಿನ್ ಮನಸ್ಸು ಮಾಡಿದ್ರೆ ಬೇರೆಯವರ ಫೈಲು ನೋಡಬಹುದು. ನೋಡಬಾರದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳ್ತು. ಆ ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ತೀರ್ಪು ಸರ್ಕಾರಕ್ಕೆ ಹೇಳಿದ್ದು ನಿಜ, ಆದರೆ ಅದರ ಮರ್ಯಾದೆ ನಮ್ಮ ಮನೆಯೊಳಗೂ ಇರಲಿ. ಚಿಕ್ಕ ಮಕ್ಕಳ ಮೇಲೆ ಕಣ್ಣಿಡೋದು ಬೇರೆ, ಕಾಲೇಜಿಗೆ ಹೋಗೋ ತಂಗಿಯ ಅಕೌಂಟ್ ಕದ್ದು ನೋಡೋದು ಬೇರೆ.

ನಾಲ್ಕನೇದು, "ಬೇಡ" ಅಂದ್ರೆ ಬದಲಿಗೆ ಇನ್ನೊಂದು ದಾರಿ ತೋರಿಸಬೇಕು. ಬರೀ ಬೇಡ ಅಂದ್ರೆ ಹುಡುಗರು ಕಳ್ಳದಾರಿ ಹುಡುಕ್ತಾರೆ. ದಾರಿಗಳು ಇವೆ. ನಾವು ಗಡಿ ಜನ, ನಮಗೆ ಕನ್ನಡವೂ ಬೇಕು, ತೆಲುಗೂ ಬೇಕು. ಟೈಪಿಂಗ್‌ಗೆ ಅಂತ ಎಲ್ಲೆಲ್ಲಿಂದಲೋ ಇಳಿಸಬೇಕಾಗಿಲ್ಲ. ವಿಂಡೋಸ್‌ನಲ್ಲಿ ಎರಡಕ್ಕೂ ಕೀಬೋರ್ಡ್ ಇದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ, ತೆಲುಗು ಬರಿಸೋ ಫೊನೆಟಿಕ್ ಕೀಬೋರ್ಡು 2019ರಿಂದ ವಿಂಡೋಸ್ 10ರ ಜೊತೆಗೇ ಬರ್ತಾ ಇದೆ. ಭಾಷೆ ಸೇರಿಸಿದ್ರೆ ಆಯ್ತು. ಪತ್ರ, ಲೆಕ್ಕದ ಕೆಲಸಕ್ಕೆ ಲಿಬ್ರೆಆಫೀಸ್, ವಿಡಿಯೋಗೆ ವಿಎಲ್‌ಸಿ, ಎರಡೂ ಪೂರ್ತಿ ಉಚಿತ, ಕ್ರ್ಯಾಕ್ ಬೇಡ. ಅವರವರ ಸ್ವಂತ ಸೈಟಿಂದಲೇ ಇಳಿಸಬೇಕು, ಅಷ್ಟೇ. ಹಾಗೆ ಇಳಿಸಿದ್ದನ್ನ ಅಡ್ಮಿನ್ ಆದವರು ಆ ಹೊತ್ತಿಗೆ ಎರಡನೇ ಬೀಗ ತೆಗೆದು ಹಾಕಿಕೊಟ್ಟು, ಮತ್ತೆ ಬೀಗ ಹಾಕಬೇಕು.

ಇನ್ನೂ ಹಳೇ ಕಂಪ್ಯೂಟರ್ ಇರೋರಿಗೆ ಒಂದು ಮಾತು. ವಿಂಡೋಸ್ 10ಕ್ಕೆ ಮಾಮೂಲಿ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹಳೇ ಮಿಷನ್‌ಗಳಿಗೆ 11 ಹತ್ತಲ್ಲ. ಅವನ್ನ ಗುಜರಿಗೆ ಹಾಕಬೇಡಿ, ಲಿನಕ್ಸ್ ಹಾಕಿ. ನಮ್ಮ ಥರಾನೇ ಗಡಿಯ ಆಚೆ ಉಳಿದ ಕನ್ನಡಿಗರು ಕಾಸರಗೋಡಿನಲ್ಲಿ ಇದ್ದಾರೆ. ಅಲ್ಲಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ ಮಕ್ಕಳು ಕೇರಳದ ಉಳಿದ ಮಕ್ಕಳ ಹಾಗೆ ಶಾಲೆಯಲ್ಲಿ ಕಲಿಯೋದು ಲಿನಕ್ಸ್ ಕಂಪ್ಯೂಟರಿನಲ್ಲೇ. ಕೇರಳ ಸರ್ಕಾರದ ಕೈಟ್ ಸಂಸ್ಥೆ ಅದನ್ನ ಶಾಲೆಗಳಿಗೆ ಅಂತಲೇ ಸಿದ್ಧಮಾಡಿ ಕೊಡುತ್ತೆ. ಲಿನಕ್ಸಿನಲ್ಲಿ ಹೊಸ ಸಾಫ್ಟ್‌ವೇರ್ ಸೇರಿಸಬೇಕಂದ್ರೆ ಪಾಸ್‌ವರ್ಡ್ ಕೇಳೋದು ಮೊದಲಿಂದಲೂ ಇರೋ ಪದ್ಧತಿ.

ಕೊನೆಗೆ ಸಂಘದ ಮುಂದೆ ಒಂದು ಬೇಡಿಕೆ. ತಿಂಗಳಿಗೆ ಒಂದು ಭಾನುವಾರ ನಮ್ಮ ಸಂಘದ ಕೋಣೆಯಲ್ಲಿ ಕಂಪ್ಯೂಟರ್ ದಿನ ಅಂತ ಇಡೋಣ. ಮನೆಯವರು ಸಿಪಿಯು ಇಲ್ಲಾ ಲ್ಯಾಪ್‌ಟಾಪ್ ಹೊತ್ಕೊಂಡು ಬರಲಿ. ಪೆನ್‌ಡ್ರೈವಿಗೆ ಕಾಪಿ, ಅಕೌಂಟ್ ಬೇರೆ ಮಾಡೋದು, ಮೂರು ಬೀಗ, ಇಷ್ಟೂ ಕೂತಲ್ಲೇ ಮಾಡಿಕೊಡೋಣ. ಮಾಡಿಕೊಡೋದಕ್ಕಿಂತ ಕಲಿಸಿಕೊಡೋಣ, ಮೊದಲ ತಂಡ ಹುಡುಗೀರದ್ದು ಇರಲಿ. ಅಕ್ಕಪಕ್ಕದ ಬೀದಿಯವರು ಯಾವ ಜಾತಿಯವರೇ ಆಗಲಿ ಬಂದರೆ ಅವರಿಗೂ ಮಾಡಿಕೊಡೋಣ. ನಮ್ಮ ಕೋಣೆ ಬಾಗಿಲು ಎಲ್ಲರಿಗೂ ತೆರೆದಿರಲಿ.

ಇಷ್ಟರ ಮೇಲೂ ಯಾರದ್ದಾದ್ರೂ ದುಡ್ಡು ಹೋದ್ರೆ ನಾಚಿಕೆ ಪಟ್ಕೊಂಡು ಸುಮ್ಮನಿರಬೇಡಿ. ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಎಷ್ಟು ಬೇಗ ಹೇಳ್ತೀರೋ ಅಷ್ಟು ದುಡ್ಡು ತಡೆಹಿಡಿಯೋ ಅವಕಾಶ ಇರುತ್ತೆ. ಮಕ್ಕಳು ಏನಾದ್ರೂ ತಪ್ಪು ಒತ್ತಿದ್ದೀನಿ ಅಂತ ಬಂದು ಹೇಳಿದ್ರೆ ಹೊಡೀಬೇಡಿ. ಹೊಡೆದರೆ ಮುಂದಿನ ಸಲ ಹೇಳಲ್ಲ, ಮುಚ್ಚಿಡ್ತಾರೆ.

ಈ ರಾತ್ರಿ ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಕಂಪ್ಯೂಟರ್ ಹಾಕಿ, ಅಕೌಂಟ್ಸ್ ತೆಗೆದು, ಅಲ್ಲಿ ಅಡ್ಮಿನಿಸ್ಟ್ರೇಟರ್ ಅಂತ ಯಾರ ಹೆಸರಿದೆ ಅಂತ ನೋಡಿ. ಅಕ್ಕ ತಂಗಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಅಲ್ಲಿಂದ ಶುರುವಾಗಲಿ.